ಮಸ್ಕತ್ತಿಗೆ ಹೊರಟ ಕಿರೀಟ

ಅರಸೀಕೆರೆ ಬಸ್ ನಿಲ್ದಾಣದ ಎದುರು ಸಾಲಿನಲ್ಲಿ ಸ್ವಾತಿಯ ಕೊರಿಯರ್ ಅಂಗಡಿ. ಅವಳ ತಂದೆ ಶಶಿಧರ್ ಕೊಬ್ಬರಿ ವ್ಯಾಪಾರಿ. ಮಗಳು ಮಂಡಿ ನೋಡಿಕೊಂಡರೆ ಸಾಕು ಎಂದಿದ್ದವರು, ಅವಳು ಹಟ ಹಿಡಿದು ಅಂಗಡಿ ಹಾಕಿದ ಮೇಲೆ ತಾವೇ ಮೇಜು, ಕುರ್ಚಿ, ಫ್ಯಾನು ತಂದು ಹಾಕಿಸಿಕೊಟ್ಟಿದ್ದರು. ಆ ಶ್ರಾವಣದಲ್ಲಿ ಸ್ವಾತಿ ಬೋರ್ಡಿನ ಕೆಳಗೆ ‘ವಿದೇಶಕ್ಕೂ ಎಕ್ಸ್‌ಪ್ರೆಸ್ ಪಾರ್ಸೆಲ್’ ಎಂಬ ಸಾಲು ಬರೆಸಿದಳು. ಆಮೇಲೆ ಆ ಸಾಲು ಓದಿ ಒಳಗೆ ಬಂದವರೇನೋ ಹಲವರು. ಎಲ್ಲರೂ ದರ ಕೇಳಿಕೊಂಡು, “ಓಹೋ, ಹಂಗಾ” ಎಂದು ಹೊರಟುಹೋಗಿದ್ದರು.

ದಸರೆ ಕಳೆದ ಮೇಲೆ ಒಂದು ಬೆಳಿಗ್ಗೆ, ಹಳೇಬೀಡಿನ ಬಸ್ಸಿನಿಂದ ಇಳಿದ ಗಂಡ ಹೆಂಡತಿ ಇಬ್ಬರು ಒಂದು ಭಾರಿ ರಟ್ಟಿನ ಪೆಟ್ಟಿಗೆಯನ್ನು ಎರಡು ಕಡೆ ಹಿಡಿದುಕೊಂಡು ರಸ್ತೆ ದಾಟಿ ಬಂದರು. ಪೆಟ್ಟಿಗೆ ಬಾಗಿಲಲ್ಲಿ ಸಿಕ್ಕಿಕೊಂಡಿತು. ಓರೆ ಮಾಡಿ ಒಳಗೆ ತಂದರು.

“ಕಂಡಕ್ಟರ್ ಈ ಡಬ್ಬಕ್ಕೂ ಟಿಕೇಟ್ ಹರಿದ ಕಣವ್ವ,” ಎಂದಳು ಹೆಂಗಸು, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ. “ತೂಕ ಇಲ್ಲ ಕಣಪ್ಪ, ಬೇಕಾದ್ರೆ ಎತ್ತಿ ನೋಡು ಅಂದೆ. ತೂಕ ಯಾವೋನಿಗೆ ಬೇಕು, ಒಂದು ಸೀಟು ಹಿಡ್ದೈತೆ ಅಂತಾನೆ.”

ಅವಳ ಹೆಸರು ದ್ರಾಕ್ಷಾಯಣಿ. ಗಂಡ ಮರುಳಪ್ಪ. ಮಾದಿಹಳ್ಳಿಯವರು. ಸ್ವಲ್ಪ ಗದ್ದೆ, ಒಂದಿಷ್ಟು ತೆಂಗು, ಎರಡು ಹಸು ಇಟ್ಟುಕೊಂಡವರು. ಆದರೆ ಸುತ್ತಿನ ಊರುಗಳಲ್ಲಿ ಮರುಳಪ್ಪನ ಹೆಸರು ಗೊತ್ತಿದ್ದದ್ದು ಅದಕ್ಕಲ್ಲ. ಬಯಲುಸೀಮೆಯ ಯಕ್ಷಗಾನವಾದ ಮೂಡಲಪಾಯದ ಆಟಗಳಲ್ಲಿ ಅವನದು ರಾಜವೇಷ. ವೇಷಕ್ಕೆ ಬೇಕಾದ ಕಿರೀಟ, ಭುಜಕೀರ್ತಿಗಳನ್ನು ಮಾಡುವವನೂ ಅವನೇ. ಹಗುರ ಮರವನ್ನು ಕೆತ್ತಿ, ಹೊಳೆಯುವ ಬೇಗಡೆ ಹಾಳೆ ಹಚ್ಚಿ, ಕನ್ನಡಿ ಚೂರು ಕೂರಿಸುವ ಕೆಲಸ ಅವನದು. ಮಣಿ ಪೋಣಿಸುವುದು ದ್ರಾಕ್ಷಾಯಣಿಯದು.

ಪೆಟ್ಟಿಗೆಯಲ್ಲಿ ಇದ್ದದ್ದು ಅಂಥದೊಂದು ಕಿರೀಟ. ಅವರ ಪಕ್ಕದ ಮನೆಯ ಭಾಗ್ಯ ಮಸ್ಕತ್ತಿನ ಆಸ್ಪತ್ರೆಯಲ್ಲಿ ನರ್ಸು. ಅಲ್ಲಿನ ಕನ್ನಡದ ನರ್ಸುಗಳೆಲ್ಲ ಸೇರಿ ರಾಜ್ಯೋತ್ಸವಕ್ಕೆ ಒಂದು ಮೂಡಲಪಾಯ ಆಡಲು ಹೊರಟಿದ್ದರು. ಎಲ್ಲ ಪಾತ್ರವೂ ಹೆಂಗಸರೇ. ರಾಜನ ಪಾತ್ರ ಭಾಗ್ಯಳದು.

“ಸಣ್ಣೋಳಿದ್ದಾಗ ನಮ್ಮ ಅಂಗಳದಲ್ಲಿ ನಿಂತ್ಕಂಡು ಇವರ ಹೆಜ್ಜೆನೆಲ್ಲ ಕಲಿತಿದ್ಲು,” ಎಂದಳು ದ್ರಾಕ್ಷಾಯಣಿ. “ಹೆಣ್ಣುಮಕ್ಳಿಗೆ ಯಾರು ರಾಜವೇಷ ಕೊಡ್ತಾರೆ ಇಲ್ಲಿ? ಈಗ ಅಲ್ಲಿ ಕಟ್ತಾವ್ಳೆ ನೋಡು.”

“ಅಲ್ಲಿ ಬಾಡಿಗೆಗೆ ಸಿಗೋದೆಲ್ಲ ಕರಾವಳಿ ಕಡೆ ಕಿರೀಟವಂತೆ,” ಎಂದ ಮರುಳಪ್ಪ. “ಅದು ಬೇರೆ, ನಮ್ಮದು ಬೇರೆ. ‘ದೊಡ್ಡಪ್ಪ, ನಿನ್ನ ಕಿರೀಟನೇ ಬೇಕು’ ಅಂದ್ಲು ಭಾಗ್ಯ. ಕಳ್ಸವ್ವ.”

ಸ್ವಾತಿ ಖುಷಿಯಿಂದ ಪೆಟ್ಟಿಗೆಯನ್ನು ತಕ್ಕಡಿಯ ಮೇಲಿಟ್ಟಳು. ಐದು ಕೆಜಿಯೂ ಇರಲಿಲ್ಲ. ಮರುಳಪ್ಪನ ಮುಖ ಅರಳಿತು. ಆಮೇಲೆ ಅವಳು ಟೇಪು ಹಿಡಿದು ಉದ್ದ, ಅಗಲ, ಎತ್ತರ ಅಳೆದಳು. ಮೂರನ್ನೂ ಗುಣಿಸಿ ಐದು ಸಾವಿರದಿಂದ ಭಾಗಿಸಿದಳು. ಬಂದ ಉತ್ತರ ನೋಡಿ, ತಪ್ಪಿರಬೇಕೆಂದು ಇನ್ನೊಮ್ಮೆ ಲೆಕ್ಕ ಮಾಡಿದಳು.

“ಯಜಮಾನ್ರೇ, ಇದು ಮೂವತ್ತಾರು ಕೆಜಿ ಅಂತ ಲೆಕ್ಕ ಆಗುತ್ತೆ.”

“ಈಗ ತಾನೇ ಐದು ಕೇಜಿ ಬರಲಿಲ್ಲ ಅಂದ್ಯಲ್ಲವ್ವ!”

“ತೂಕ ಅಷ್ಟೇ. ಆದ್ರೆ ವಿಮಾನದಲ್ಲಿ ಇದು ಹಿಡಿಯೋ ಜಾಗ ಮೂವತ್ತಾರು ಕೆಜಿ ಸಾಮಾನಿಂದು. ತೂಕ, ಜಾಗ ಎರಡನ್ನೂ ನೋಡ್ತಾರೆ, ಯಾವುದು ಜಾಸ್ತಿನೋ ಅದಕ್ಕೆ ದುಡ್ಡು.”

“ಒಳಗಿರೋದು ಗಾಳಿ ಕಣೇ ತಾಯಿ,” ಎಂದಳು ದ್ರಾಕ್ಷಾಯಣಿ. “ಗಾಳಿಗೆ ದುಡ್ಡು ಕೊಡೋದಾ?”

“ಅಮ್ಮಾ, ನಮ್ಮ ಮಂಡಿಯಿಂದ ಒಂದು ಲಾರಿ ಕೊಬ್ಬರಿ ಹೋಗುತ್ತೆ, ಇನ್ನೊಂದು ಲಾರಿ ತೆಂಗಿನ ನಾರು ಹೋಗುತ್ತೆ ಅಂತಿಟ್ಕೊಳ್ಳಿ. ನಾರಿನ ಲಾರಿ ಆಕಾಶದೆತ್ತರ ತುಂಬಿದ್ರೂ ತೂಕ ಇರಲ್ಲ. ಹಂಗಂತ ಲಾರಿಯವ್ರು ಬಾಡಿಗೆ ಬಿಟ್ಟುಕೊಡ್ತಾರಾ?”

ತೆಂಗು ಬೆಳೆಯುವ ಮರುಳಪ್ಪನಿಗೆ ಅದು ತಕ್ಷಣ ಅರ್ಥವಾಯಿತು. ಅರ್ಥವಾದದ್ದರಿಂದಲೇ ಸಿಟ್ಟು ಇನ್ನೂ ಹೆಚ್ಚಾಯಿತು. ಸ್ವಾತಿ ದರ ಹೇಳಿದಳು. ಆ ಹಣಕ್ಕೆ ಭಾಗ್ಯಳೇ ಊರಿಗೆ ಬಂದು ಕಿರೀಟ ಹೊತ್ತುಕೊಂಡು ಹೋಗಬಹುದಿತ್ತು.

“ಅಳತೆ ಸ್ವಲ್ಪ ಕಮ್ಮಿ ಬರ್ಕೊಂಡ್ರೆ ಯಾರು ನೋಡ್ತಾರೆ?” ಎಂದು ದ್ರಾಕ್ಷಾಯಣಿ ಮೆಲ್ಲಗೆ ಕೇಳಿದಳು.

“ಬೆಂಗಳೂರಲ್ಲಿ ಮಿಷಿನ್ನು ಮತ್ತೆ ಅಳೆಯುತ್ತೆ ಅಮ್ಮಾ. ನನಗೇ ದಂಡ ಬೀಳುತ್ತೆ.”

ಸಾದಾ ಅಂಚೆಯಲ್ಲಿ ಕಳಿಸಿದರೆ ಖರ್ಚು ಕಡಿಮೆಯಾಗುತ್ತಿತ್ತು, ಆದರೆ ರಾಜ್ಯೋತ್ಸವದೊಳಗೆ ಮುಟ್ಟುತ್ತದೆ ಎಂದು ಯಾರೂ ಹೇಳುವಂತಿರಲಿಲ್ಲ. ಪೆಟ್ಟಿಗೆ ಬಿಚ್ಚಿ ನೋಡೋಣ ಎಂದಳು ಸ್ವಾತಿ. ಹುಲ್ಲು, ಹಳೇ ದಿಂಬು, ಹರಿದ ಜಮಖಾನದ ತುಂಡು ಒಂದೊಂದಾಗಿ ಹೊರಗೆ ಬಂದವು. ಕೊನೆಗೆ ಕಿರೀಟ ಬಂತು. ಬೆಳಗಿನ ಬಿಸಿಲು ಬಾಗಿಲಿನಿಂದ ಅದರ ಮೇಲೆ ಬಿದ್ದು, ಅಂಗಡಿಯ ಗೋಡೆಯ ತುಂಬ ಬೆಳಕಿನ ಚುಕ್ಕೆಗಳು ಹಾರಾಡಿದವು. ಎದುರು ಹೂ ಮಾರುತ್ತಿದ್ದ ರಂಗಮ್ಮ ಬುಟ್ಟಿ ಬಿಟ್ಟು ನೋಡಲು ಬಂದಳು. ಗೋಪುರದಂತೆ ಎದ್ದ ತಲೆಭಾಗ, ಅದರ ಹಿಂದೆ ಮೊರಕ್ಕಿಂತ ಅಗಲವಾದ ಪ್ರಭೆಯ ಚಕ್ರ. ಜಾಗ ನುಂಗುತ್ತಿದ್ದದ್ದು ಆ ಪ್ರಭೆಯೇ ಎಂದು ಸ್ವಾತಿಗೆ ಗೊತ್ತಾಯಿತು.

“ಇದನ್ನ ಬಿಚ್ಚೋಕಾಗುತ್ತಾ ಯಜಮಾನ್ರೇ? ಬಿಡಿ ಬಿಡಿಯಾಗಿ ಕಳಿಸಿದ್ರೆ...”

ಮರುಳಪ್ಪ ಕಿರೀಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. “ಪೂಜೆ ಮಾಡಿ ತಲೆ ಮೇಲೆ ಇಟ್ಕಳೋದು ಕಣವ್ವ ಇದು. ನಮ್ಮಪ್ಪ ಮಾಡಿ, ತಲೆಗಿಟ್ಟು ವೇಷ ಕಟ್ಟಿದ ಕಿರೀಟ. ಇದಕ್ಕೆ ಗರಗಸ ಹಾಕು ಅಂತೀಯ?” ಎಂದವನೇ ಅದನ್ನು ಹೆಂಡತಿಯ ಮಡಿಲಿಗೆ ಕೊಟ್ಟು, ಚಪ್ಪಲಿ ಮೆಟ್ಟಿ, ಬಸ್ ನಿಲ್ದಾಣದ ಕಡೆ ನಡೆದುಬಿಟ್ಟ.

ಸ್ವಾತಿಗೆ ಅಳು ಬರುವಂತಾಯಿತು. ವಿದೇಶದ ಪಾರ್ಸೆಲ್ಲಿನ ಮೊದಲ ಗಿರಾಕಿಯೇ ಹೀಗೆ ಮುನಿಸಿಕೊಂಡು ಹೋಗುವುದೆ? ಅಷ್ಟರಲ್ಲಿ ದ್ರಾಕ್ಷಾಯಣಿಯ ಮೊಬೈಲು ಹಾಡತೊಡಗಿತು. ಭಾಗ್ಯಳ ವಿಡಿಯೋ ಕರೆ.

“ದೊಡ್ಡವ್ವ, ಕಳಿಸಿದ್ರಾ? ನೋಡು ಇಲ್ಲಿ, ನಾವು ಪ್ರಾಕ್ಟೀಸ್ ಶುರು ಮಾಡಿದ್ವಿ!”

ದ್ರಾಕ್ಷಾಯಣಿ ಪರದೆಯನ್ನು ನೋಡಿದಳು. ನೋಡಿ ಒಮ್ಮೆಗೇ ಎದ್ದಳು. “ಬಾರವ್ವ ನನ್ನ ಜೊತೆ,” ಎಂದು ಸ್ವಾತಿಯ ಕೈ ಹಿಡಿದು, ಕಿರೀಟವನ್ನು ರಂಗಮ್ಮನ ಸುಪರ್ದಿಗೆ ಬಿಟ್ಟು, ರಸ್ತೆ ದಾಟಿ ಓಡಿದಳು. ಮರುಳಪ್ಪ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಬಸ್ಸು ಬರುವ ದಿಕ್ಕಿಗೆ ಬೆನ್ನು ಮಾಡಿ ಕೂತಿದ್ದ. ಅವನ ಮೂಗಿನ ಮುಂದೆ ಮೊಬೈಲು ಹಿಡಿದಳು.

ಹಾಸ್ಟೆಲಿನ ವರಾಂಡದಲ್ಲಿ ಭಾಗ್ಯ ನಿಂತಿದ್ದಳು. ತಲೆಯ ಮೇಲೆ ನೀಲಿ ಬಣ್ಣದ ಪ್ಲಾಸ್ಟಿಕ್ ಬಕೆಟ್ಟು ಬೋರಲಾಗಿ ಕೂತಿತ್ತು. ಹಿಡಿಕೆ ಗಲ್ಲದ ಕೆಳಗೆ. ಬಕೆಟ್ಟಿನ ಹಿಂದೆ ಬ್ಯಾಂಡೇಜು ಪಟ್ಟಿಯಿಂದ ಬಿಗಿದ ಸ್ಟೀಲು ತಟ್ಟೆ, ಅದೇ ಪ್ರಭೆ.

“ಭಾರ ಅಭ್ಯಾಸ ಆಗ್ಲಿ ಅಂತ ದೊಡ್ಡಪ್ಪ,” ಎಂದು ಭಾಗ್ಯ ಗಂಭೀರವಾಗಿ ಹೇಳಿ, ರಾಜನ ಪ್ರವೇಶದ ಹೆಜ್ಜೆ ಹಾಕಿದಳು. ಮೂರನೇ ಹೆಜ್ಜೆಗೆ ತಟ್ಟೆ ಕಳಚಿ ಠಣ್ಣೆಂದು ಬಿತ್ತು. ಬಕೆಟ್ಟು ಕಣ್ಣಿನ ಮೇಲೆ ಇಳಿಯಿತು. ಒಳಗಿನಿಂದಲೇ ರಾಜ ಗುಡುಗಿದ, “ಯಾರಲ್ಲಿ!”

ಮರುಳಪ್ಪನಿಗೆ ಮೊದಲು ಕೆಮ್ಮು ಬಂತು. ಆಮೇಲೆ ಗೊತ್ತಾಯಿತು, ಅದು ಕೆಮ್ಮಲ್ಲ, ನಗು. ನಕ್ಕು ನಕ್ಕು ಬೆಂಚಿನ ತುದಿಗೆ ಜಾರಿದ. ಕಣ್ಣಲ್ಲಿ ನೀರು ಇಳಿಯಿತು. ಪಕ್ಕದಲ್ಲಿ ಬಸ್ಸಿಗೆ ಕಾಯುತ್ತಿದ್ದವರೂ ಇಣುಕಿ ನೋಡಿ ನಗತೊಡಗಿದರು.

“ಹೆಜ್ಜೆ ಸರಿಯಾಗೈತೆ ಮಗಳೇ,” ಎಂದ ಕೊನೆಗೆ, ಟವಲಿನಿಂದ ಮುಖ ಒರೆಸಿಕೊಂಡು. “ಎಡಗಾಲು ಇನ್ನೊಂಚೂರು ಮೇಲೆತ್ತು.” ಕರೆ ಮುಗಿದ ಮೇಲೆ ಸ್ವಾತಿಯ ಕಡೆ ತಿರುಗಿದ. “ನಮ್ಮಪ್ಪನ ಕಿರೀಟಕ್ಕೆ ಕೈ ಹಚ್ಚಲ್ಲ. ಅದು ಹುಟ್ಟಿದ್ದೇ ಇಡಿಯಾಗಿ. ಹೊಸದೊಂದು ಮಾಡ್ತೀನಿ, ಹುಟ್ಟುವಾಗಲೇ ಬಿಡಿಬಿಡಿಯಾಗಿ ಹುಟ್ಟಲಿ. ಎಷ್ಟು ದೊಡ್ಡ ಡಬ್ಬದಾಗೆ ಕೂರಬೇಕು ಹೇಳು.”

ಸ್ವಾತಿ ಅಂಗಡಿಗೆ ಓಡಿಹೋಗಿ ಒಂದು ಖಾಲಿ ಪೆಟ್ಟಿಗೆ ತಂದು ತೋರಿಸಿದಳು. ದೊಡ್ಡವರ ಶೂ ಪೆಟ್ಟಿಗೆ ಮೂರು ಜೋಡಿಸಿದರೆ ಎಷ್ಟಾಗುತ್ತದೋ ಅಷ್ಟು. ಮರುಳಪ್ಪ ಅದರೊಳಗೆ ಕೈ ಹಾಕಿ ಮೂಲೆಗಳನ್ನು ಮುಟ್ಟಿ ನೋಡಿದ. “ರಾಜನ ಮೂಗೂ ಹಿಡಿಯಲ್ಲ ಇದರಾಗೆ,” ಎಂದ. ಆದರೂ ಅಪ್ಪನ ಕಿರೀಟದ ಡಬ್ಬವನ್ನು ಹೆಂಡತಿಯ ಜೊತೆ ಹೊತ್ತು, ಆ ಪೆಟ್ಟಿಗೆಯನ್ನೂ ಕಂಕುಳಲ್ಲಿಟ್ಟುಕೊಂಡೇ ಬಸ್ಸು ಹತ್ತಿದ.

ಭಾನುವಾರ ಸ್ವಾತಿ ಸ್ಕೂಟರಿನಲ್ಲಿ ಮಾದಿಹಳ್ಳಿಗೆ ಹೋದಳು. ಹೋಗಲೇಬೇಕೆಂದೇನೂ ಇರಲಿಲ್ಲ, ಮನಸ್ಸು ತಡೆಯಲಿಲ್ಲ. ಅಂಗಳದಲ್ಲಿ ಮರದ ಹೊಟ್ಟು ಹರಡಿತ್ತು. ಮರುಳಪ್ಪ ಪೆಟ್ಟಿಗೆಯನ್ನು ಎದುರಿಗಿಟ್ಟುಕೊಂಡು, ಅದು ಎದುರಾಳಿಯೇನೋ ಎಂಬಂತೆ ನೋಡುತ್ತ ಕೂತಿದ್ದ.

ಗೋಪುರದ ಭಾಗವನ್ನು ಮೂರು ಬಳೆಗಳಾಗಿ ಮಾಡುವ ಉಪಾಯ ಅವನಿಗೆ ಆಗಲೇ ಹೊಳೆದಿತ್ತು. ಮೇಲಿನದು ಸಣ್ಣದು, ಕೆಳಗಿನದು ದೊಡ್ಡದು. ಕಳಚಿದರೆ ಅಡುಗೆಮನೆಯ ಡಬರಿಗಳ ಹಾಗೆ ಒಂದರೊಳಗೊಂದು ಕೂರುತ್ತಿದ್ದವು. ಪ್ರಭೆಯದೇ ಚಿಂತೆ. ಅಷ್ಟು ಅಗಲದ ಚಕ್ರ ಆ ಪೆಟ್ಟಿಗೆಗೆ ಹೇಗೆ ಹಿಡಿದೀತು? ಸ್ವಾತಿ ಹಳೇ ರಟ್ಟು ತಂದು ಚಕ್ರದಂತೆ ಕತ್ತರಿಸಿ, ಎರಡಾಗಿ ಮಡಚಿ, ನಾಲ್ಕಾಗಿ ಮಡಚಿ ನೋಡಿದಳು. ಮಡಚಿದ ಕಡೆ ದಪ್ಪವಾಯಿತು. ಊಟಕ್ಕೆ ಎಬ್ಬಿಸಲು ಬಂದ ದ್ರಾಕ್ಷಾಯಣಿ ಅದನ್ನು ನೋಡಿ, “ಮಡಚೋದ್ಯಾಕೆ? ಎಸಳು ಎಸಳಾಗಿ ಮಾಡಿ. ವೀಳ್ಯದೆಲೆ ಕಟ್ಟು ಕಟ್ಟಲ್ವಾ, ಹಂಗೆ ಒಂದರ ಮೇಲೊಂದು ಇಟ್ರಾಯ್ತು. ಅಲ್ಲೋಗಿ ಹೂವಿನಂಗೆ ಜೋಡಿಸ್ಕಳ್ಲಿ,” ಎಂದಳು.

ಮರುಳಪ್ಪ ಮುದ್ದೆ ತಿನ್ನುವಾಗಲೂ ತಟ್ಟೆಯ ಅಂಚಿನಲ್ಲಿ ಬೆರಳಿನಿಂದ ಎಸಳು ಬರೆಯುತ್ತಿದ್ದ.

ಇನ್ನೊಂದು ತೊಡಕು ಬಂತು. ಮಣಿ ಕೂರಿಸಿದ ಬಳೆಗಳನ್ನು ಒಂದರೊಳಗೊಂದು ಇಳಿಸಿದರೆ ಮಣಿ ಉಜ್ಜಿ ಬೇಗಡೆ ಕೀಳುತ್ತಿತ್ತು. ಅದಕ್ಕೂ ದ್ರಾಕ್ಷಾಯಣಿಯೇ ದಾರಿ ಕಂಡಳು. ಮಣಿಗಳನ್ನು ಮರಕ್ಕೆ ಅಂಟಿಸದೆ ಬಟ್ಟೆಯ ಪಟ್ಟಿಗಳಿಗೆ ಹೊಲಿದಳು. ಪಟ್ಟಿಗಳನ್ನು ಸುರುಳಿ ಸುತ್ತಿ ಖಾಲಿ ಮೂಲೆಗೆ ತುರುಕಬಹುದು. ಅಲ್ಲಿ ಹೋದ ಮೇಲೆ ಬಳೆಯ ಸುತ್ತ ಬಿಗಿದರೆ ಆಯಿತು. ಹೊಸ ಮಣಿ, ಬೇಗಡೆ ಎಲ್ಲ ಬೇಲೂರಿನ ಪೇಟೆಯಿಂದ ಬಂತು.

ಮುಂದಿನ ಭಾನುವಾರ ಕಿರೀಟ ಮೊದಲ ಸಲ ಎದ್ದು ನಿಂತಿತು. ಮರುಳಪ್ಪ ಅದನ್ನು ತಲೆಗಿಟ್ಟು ಅಂಗಳದಲ್ಲಿ ಹೆಜ್ಜೆ ಹಾಕಿದ. ಮೊದಲೆರಡು ಸುತ್ತು ಚೆನ್ನಾಗಿತ್ತು. ಮೂರನೇ ಸುತ್ತಿಗೆ ಗಿರಕಿ ಹೊಡೆದಾಗ ಮೇಲಿನ ಬಳೆ ಹಾರಿ ಹಸುವಿನ ಹುಲ್ಲಿನೊಳಗೆ ಬಿತ್ತು. ಹಸು ಮೂಸಿ ನೋಡಿ ಮುಖ ತಿರುಗಿಸಿತು.

“ರಾಜನ ಶಿಖರ ಹೋಯ್ತು!” ಎಂದು ಸ್ವಾತಿ ಚಪ್ಪಾಳೆ ತಟ್ಟಿದಳು.

“ನಗ್ಬೇಡ ಕಣೇ,” ಎಂದ ಮರುಳಪ್ಪ, ತಾನೂ ನಗುತ್ತ. ಆವತ್ತೇ ಬಳೆಗಳ ಒಳಗೆ ಸಣ್ಣ ಬೆಣೆ ಕೂರಿಸಿ, ದಾರದ ಕುಣಿಕೆ ಹಾಕಿದ. ಮತ್ತೆ ಗಿರಕಿ ಹೊಡೆದ. ನಿಂತಿತು. ಇನ್ನೂ ಜೋರಾಗಿ ತಿರುಗಿದ. ಆಗಲೂ ನಿಂತಿತು. ದ್ರಾಕ್ಷಾಯಣಿ ಕೂಗಿ ನಿಲ್ಲಿಸುವವರೆಗೂ ತಿರುಗುತ್ತಲೇ ಇದ್ದ.

ಕಳಿಸುವ ದಿನ ಗಂಡ ಹೆಂಡತಿ ಅರಸೀಕೆರೆಗೆ ಬಂದರು. ಪೆಟ್ಟಿಗೆ ಈ ಸಲ ಮರುಳಪ್ಪನ ತೊಡೆಯ ಮೇಲೆ ಕೂತು ಬಂದಿತ್ತು. ಎಸಳುಗಳು ತಳದಲ್ಲಿ, ಮೇಲೆ ಜೊತೆಗೆ ಮಾಡಿದ ಭುಜಕೀರ್ತಿ, ನಡುವೆ ಬಳೆಗಳು, ಮೂಲೆಗಳಲ್ಲಿ ಮಣಿಪಟ್ಟಿ. ತೂಕ ಐದು ಕೆಜಿಯ ಹತ್ತಿರ ಬಂತು. ಸ್ವಾತಿ ಟೇಪು ಹಿಡಿದಳು. ಅವಳ ಹುಬ್ಬು ಗಂಟಿಕ್ಕಿತು.

“ಮಧ್ಯದಲ್ಲಿ ಉಬ್ಬಿದೆಯಲ್ಲಾ? ಎಲ್ಲಿ ಹೆಚ್ಚು ಉಬ್ಬಿದ್ಯೋ ಅಲ್ಲಿಗೇ ಅಳೆಯೋದು. ಈ ಎರಡು ಬೆರಳು ಉಬ್ಬಿಗೆ ಒಂದು ಕೆಜಿ ಜಾಸ್ತಿ ಆಗುತ್ತೆ.”

ಮರುಳಪ್ಪನಿಗೆ ಆಶ್ಚರ್ಯ. “ಮನೇಲಿ ಮುಚ್ಚಿದಾಗ ಸಪಾಟಾಗಿತ್ತಲ್ಲ!”

ದ್ರಾಕ್ಷಾಯಣಿ ಗೋಡೆಯ ಕ್ಯಾಲೆಂಡರು ನೋಡತೊಡಗಿದಳು. ಪೆಟ್ಟಿಗೆ ಬಿಚ್ಚಿದರೆ, ಬಳೆಗಳ ನಟ್ಟನಡುವೆ ಹುರಿಗಡಲೆ ಚಟ್ನಿಪುಡಿಯ ಒಂದು ಪೊಟ್ಟಣ, ಕೊಬ್ಬರಿ ಮಿಠಾಯಿಯ ಒಂದು ಪೊಟ್ಟಣ ಸಿಕ್ಕವು.

“ಮಗಳು ತಿನ್ನಲಿ ಅಂತ ಇಟ್ಟೆ. ರಾಜ ಉಪವಾಸ ಇರ್ಬೇಕಾ?” ಎಂದಳು.

“ಅಮ್ಮಾ, ತಿಂಡಿ ಅಂತ ಕಾಗದದಲ್ಲಿ ಬರೆದಿಲ್ಲ, ಅಲ್ಲಿ ಕಸ್ಟಮ್ಸ್‌ನಲ್ಲಿ ನಿಲ್ಲಿಸಿಬಿಡ್ತಾರೆ,” ಎಂದು ಸ್ವಾತಿ ಎರಡನ್ನೂ ತೆಗೆದಿಟ್ಟಳು. ಪೆಟ್ಟಿಗೆ ಸಪಾಟಾಗಿ ಮುಚ್ಚಿಕೊಂಡಿತು. ಈಗ ಅಳತೆಯ ಲೆಕ್ಕವೂ ಐದು ಕೆಜಿ, ತಕ್ಕಡಿಯ ಲೆಕ್ಕವೂ ಐದು ಕೆಜಿ. ಪಾರ್ಸೆಲ್ಲಿಗೆಂದು ನರ್ಸುಗಳು ಕೂಡಿಸಿ ಕಳಿಸಿದ್ದ ಹಣದಲ್ಲಿ ಸ್ವಲ್ಪ ಉಳಿಯಿತು ಕೂಡ. ಸ್ವಾತಿ ಮೇಲೆ ವಿಳಾಸದ ಚೀಟಿ ಅಂಟಿಸಿದಾಗ ಮರುಳಪ್ಪ ಪೆಟ್ಟಿಗೆಗೆ ಕೈಮುಗಿದು ಕಣ್ಣಿಗೊತ್ತಿಕೊಂಡ. ಮಿಠಾಯಿಯನ್ನು ಅಲ್ಲೇ ಎಲ್ಲರೂ ಹಂಚಿಕೊಂಡು ತಿಂದರು. ರಂಗಮ್ಮನಿಗೂ ಒಂದು ತುಂಡು ಹೋಯಿತು. ಚಟ್ನಿಪುಡಿ ಶಶಿಧರ್ ಅವರ ಮನೆ ಸೇರಿತು.

ಪಾರ್ಸೆಲ್ ಎಲ್ಲಿದೆ ಎಂದು ನೋಡುವುದನ್ನು ಸ್ವಾತಿ ದ್ರಾಕ್ಷಾಯಣಿಯ ಮೊಬೈಲಿನಲ್ಲಿ ಹೇಳಿಕೊಟ್ಟಿದ್ದಳು. ದ್ರಾಕ್ಷಾಯಣಿ ಹಾಲು ಕರೆಯುವ ಮುಂಚೆ ಒಮ್ಮೆ, ಕರೆದ ಮೇಲೆ ಒಮ್ಮೆ ನೋಡುತ್ತಿದ್ದಳು. ಬೆಂಗಳೂರು ಬಿಟ್ಟಿತು ಎಂದು ಬಂದಾಗ ಬೀದಿಗೆಲ್ಲ ಹೇಳಿದಳು. ಮಸ್ಕತ್ತು ಮುಟ್ಟಿತು ಎಂದು ಬಂದ ಸಂಜೆ ಭಾಗ್ಯಳೇ ಕರೆ ಮಾಡಿದಳು.

“ದೊಡ್ಡಪ್ಪ, ಇದೇನು ಇಷ್ಟು ಸಣ್ಣ ಡಬ್ಬ? ಭುಜಕೀರ್ತಿ ಮಾತ್ರ ಕಳಿಸಿದ್ದೀರಾ?”

“ಬಿಚ್ಚಿ ನೋಡು,” ಎಂದ ಮರುಳಪ್ಪ.

ಹಾಸ್ಟೆಲಿನ ನೆಲದ ಮೇಲೆ ಬೆಡ್‌ಶೀಟು ಹಾಸಿ ನರ್ಸುಗಳೆಲ್ಲ ಸುತ್ತ ಕೂತರು. ಮರುಳಪ್ಪ ಇಲ್ಲಿಂದ ಒಂದೊಂದೇ ಹೇಳುತ್ತ ಹೋದ. ದೊಡ್ಡ ಬಳೆ ಮೊದಲು, ಬೆಣೆ ಒಳಮುಖಕ್ಕೆ, ಕುಣಿಕೆ ಬಿಗಿ. ಗಂಟು ಹಾಕುವುದರಲ್ಲಿ ಆ ಹುಡುಗಿಯರ ಕೈ ಎಷ್ಟು ಚುರುಕೆಂದರೆ, ಅವನು ಹೇಳಿ ಮುಗಿಸುವ ಮೊದಲೇ ಕಟ್ಟಿ ಮುಗಿಸುತ್ತಿದ್ದರು. ಕನ್ನಡ ಬಾರದ ಕೇರಳದ ಗೆಳತಿಯೊಬ್ಬಳು ಮಣಿಪಟ್ಟಿಯನ್ನು ಬ್ಯಾಂಡೇಜು ಸುತ್ತುವ ಹಾಗೆ ಒಂದು ಸುಕ್ಕೂ ಇಲ್ಲದಂತೆ ಸುತ್ತಿದಳು. ಕೊನೆಗೆ ಎಸಳುಗಳು. ಒಂದು ಎಸಳು ತಲೆಕೆಳಗಾಗಿತ್ತು. ದ್ರಾಕ್ಷಾಯಣಿ ಇಲ್ಲಿಂದಲೇ ಪರದೆಯ ಮೇಲೆ ಬೆರಳಿಟ್ಟು, “ಅದು, ಅದು, ಆ ಕಡೇದು!” ಎಂದು ಕೂಗಿದಳು. ತಿರುಗಿಸಿ ಸಿಕ್ಕಿಸಿದರು. ಕಿರೀಟ ಪೂರ್ತಿಯಾಯಿತು. ಎಲ್ಲರೂ ಬಗ್ಗಿ ಬಗ್ಗಿ ಅದನ್ನೇ ನೋಡಿದರು. ಆಮೇಲೆ ಎಬ್ಬಿಸಿದ ಗದ್ದಲಕ್ಕೆ ಪಕ್ಕದ ಕೋಣೆಯವರು ಬಾಗಿಲು ತಟ್ಟಿದರು.

ಆಟ ಇದ್ದದ್ದು ಶುಕ್ರವಾರ ಸಂಜೆ. ಅದನ್ನು ನೋಡಲು ಸ್ವಾತಿ ಮರುಳಪ್ಪನ ಮನೆಗೆ ಲ್ಯಾಪ್‌ಟಾಪು ತಂದಿದ್ದಳು. ಜೊತೆಗೆ ಶಶಿಧರ್ ಅವರೂ ಬಂದಿದ್ದರು. ಮಗಳು ಭಾನುವಾರ ಭಾನುವಾರ ಎಲ್ಲಿಗೆ ಓಡುತ್ತಾಳೆ ನೋಡಬೇಕಲ್ಲ ಎಂದು ಅವರ ನೆಪ. ಮರುಳಪ್ಪನ ಮೇಳದ ಭಾಗವತ ನಂಜುಂಡಯ್ಯ ಮುಂದಿನ ಸಾಲಿನಲ್ಲಿ ಕೂತಿದ್ದ. ಭಾಗ್ಯಳ ಮನೆಯವರು, ಕೇರಿಯ ಅರ್ಧ ಜನ, ಜಗಲಿ ತುಂಬ ಕೂತಿದ್ದರು.

ಮಸ್ಕತ್ತಿನ ರಂಗದಲ್ಲಿ ತೆರೆ ಹಿಡಿದಿದ್ದ ಇಬ್ಬರು ಹೆಂಗಸರ ತಲೆಯ ಮೇಲಿನಿಂದ ಮೊದಲು ಕಂಡದ್ದು ಕಿರೀಟದ ಶಿಖರ. ಆಮೇಲೆ ಎಸಳುಗಳು ಒಂದೊಂದಾಗಿ ಬೆಳಕು ಹಿಡಿದವು. ತೆರೆ ಸರಿಯಿತು. ಭಾಗ್ಯ ಎದೆ ಸೆಟೆದು, ಮೀಸೆಯ ಮೇಲೆ ಕೈಯಿಟ್ಟು, ಕಣ್ಣು ಅಗಲ ಮಾಡಿ ನಿಂತಿದ್ದಳು. ಎಡಗಾಲನ್ನು ಎತ್ತಿದಳು, ಎಷ್ಟು ಎತ್ತಬೇಕೋ ಅಷ್ಟು. ಮರುಳಪ್ಪನ ಕಾಲು ಕೂತಲ್ಲೇ ನೆಲ ತಟ್ಟಿತು.

“ಯಾರಲ್ಲಿ!” ಎಂದು ರಾಜ ಗುಡುಗಿದ.

ಅಷ್ಟು ದೂರದ ಸಭೆಯ ಚಪ್ಪಾಳೆ ಲ್ಯಾಪ್‌ಟಾಪಿನಲ್ಲಿ ಮಳೆ ಬಂದ ಹಾಗೆ ಕೇಳಿಸಿತು. ಭಾಗ್ಯ ಗಿರಕಿ ಹೊಡೆದಾಗ ಇಲ್ಲಿ ಮೂವರು ಉಸಿರು ಬಿಗಿಹಿಡಿದರು. ಕಿರೀಟ ಅಲುಗಲಿಲ್ಲ. ನಂಜುಂಡಯ್ಯ ಮರುಳಪ್ಪನ ಬೆನ್ನಿಗೆ ಗುದ್ದಿ, “ಏನ್ಲಾ, ನಿನಗಿಂತ ಚೆನ್ನಾಗಿ ತಿರುಗ್ತಾವ್ಳಲ್ಲೋ!” ಎಂದ.

“ನನಗಿಂತ ಚೆನ್ನಾಗೇ ತಿರುಗ್ತಾವ್ಳೆ ಕಣ್ಲಾ,” ಎಂದ ಮರುಳಪ್ಪ. ಹೇಳುವಾಗ ಅವನ ಮುಖ ಬೆಳಗುತ್ತಿತ್ತು. ದ್ರಾಕ್ಷಾಯಣಿ ಆ ಹೊತ್ತಿಗೆ ನಗುತ್ತಿದ್ದಳೋ ಅಳುತ್ತಿದ್ದಳೋ ಅವಳಿಗೇ ತಿಳಿದಿರಲಿಲ್ಲ.

ಯುಗಾದಿಗೆ ಮತ್ತೊಂದು ಆಟ ಆಡುತ್ತಾರಂತೆ. ಈ ಸಲ ರಾಣಿಗೂ ಮಂತ್ರಿಗೂ ಕಿರೀಟ ಬೇಕು ಎಂದು ಭಾಗ್ಯ ಹೇಳಿಕಳಿಸಿದ್ದಾಳೆ. ಮಂತ್ರಿ ಆಗುವವಳು ಆ ಕೇರಳದ ಗೆಳತಿ. ಮಾತುಗಳನ್ನು ಮಲಯಾಳಂ ಅಕ್ಷರದಲ್ಲಿ ಬರೆದುಕೊಂಡು ಬಾಯಿಪಾಠ ಮಾಡುತ್ತಿದ್ದಾಳಂತೆ. ಸ್ವಾತಿ ಈಗಲೂ ಭಾನುವಾರ ಮಾದಿಹಳ್ಳಿಗೆ ಹೋಗುತ್ತಾಳೆ. ಮರುಳಪ್ಪ ಮರ ಕೆತ್ತುತ್ತಿರುವಾಗ ಇವಳು ಜಗಲಿಯಲ್ಲಿ ಕೂತು ದ್ರಾಕ್ಷಾಯಣಿಯ ಹತ್ತಿರ ಮಣಿ ಹೊಲಿಯುವುದನ್ನು ಕಲಿಯುತ್ತಿದ್ದಾಳೆ. ಕೆಂಪಿನ ಪಕ್ಕ ಹಸಿರು ಬರಬೇಕಾದ ಕಡೆ ಬಿಳಿ ಬಂದಿರುತ್ತದೆ. ದ್ರಾಕ್ಷಾಯಣಿ ದಾರ ಕಿತ್ತು, ಮಣಿಗಳನ್ನು ಮತ್ತೆ ತಟ್ಟೆಗೆ ಸುರಿದು, “ಆತುರ ಯಾಕೆ ಮಗಳೇ, ಇನ್ನೊಂದು ಸಲ ಹೊಲಿ” ಎನ್ನುತ್ತಾಳೆ. ಸ್ವಾತಿ ನಗುತ್ತ ಸೂಜಿಗೆ ದಾರ ಪೋಣಿಸುತ್ತಾಳೆ.